ಮಂಕರಿಯಡಿಯ ಕೋಳಿ

ನಮ್ಮೂರು ಉಡಿಗಾಲದಲ್ಲಿ ಪಕ್ಕದ ಮನೆಯಾಕೆ ಬದನಗುಪ್ಪೆಯ ಫ್ಯಾಕ್ಟರಿಗೆ ಹೋಗುತ್ತಿದ್ದಳು. ಏನೇ ಆದರೂ ‘ನೋಡನ ಬುಡಿ’ ಎನ್ನುವುದು ಅವಳ ಮಾತು.

ಒಂದು ಬೆಳಿಗ್ಗೆ ಅವಳ ಕೋಳಿ ಹಸಿರು ಹಿಕ್ಕೆ ಹಾಕಿ, ಕತ್ತು ತಿರುಚಿಕೊಂಡು ಬಿತ್ತು. ‘ಕುಯ್ದು ಸಾರು ಮಾಡಮ್ಮಿ’ ಎಂದ ಗಂಡ. ಅವಳು ಅದನ್ನು ಬೇರೆಯಾಗಿ ಒಂದು ಬಿದಿರಿನ ಮಂಕರಿಯಡಿ ಕವುಚಿಟ್ಟು, ಒದ್ದೆ ಬಟ್ಟೆ ಹಿಂಡಿ ಬಾಯಿಗೆ ನೀರು ಬಿಟ್ಟಳು. ಅವಳು ಕರೆಸಿದ ಪಶುವೈದ್ಯರು ನೋಡಿ, ಇದು ಕೊಕ್ಕರೆ ರೋಗ, ಔಷಧಿಯಿಲ್ಲ, ಹರಡುತ್ತದೆ ಎಂದರು.

ಅವಳು ಮನೆಮನೆಗೂ ಹೋದಳು. ‘ನಮ್ ಕೋಳಿಗೆ ರೋಗ ಬಂದದೆ, ನಿಮ್ಮವ ಈಚೆಗೆ ಬುಡಬ್ಯಾಡಿ ಕಣಕ್ಕ.’

ಬೀದಿಗೇ ರೋಗ ತಂದಳೆಂದು ಎಲ್ಲರೂ ಬೈದರು. ‘ನೋಡನ ಬುಡಿ’ ಎಂದು ತಲೆ ತಗ್ಗಿಸಿ ಬಂದಳು. ಅವಳ ಕೋಳಿಗಳೆಲ್ಲ ಸತ್ತವು. ಒಳಗೇ ಕೂಡಿಟ್ಟಿದ್ದ ನಮ್ಮವು ಉಳಿದವು.

ಕೆಲವು ದಿನಗಳಾದ ಮೇಲೆ ನಾನು ನಮ್ಮ ಕೋಳಿಯದೊಂದು ಹೇಟೆಮರಿ ಕೊಡಲು ಹೋದೆ. ಆಸೆಯಿಂದ ಚಾಚಿದ ಕೈಯನ್ನು, ಮರಿಯನ್ನು ಮುಟ್ಟದೆ ಹಿಂದಕ್ಕೆಳೆದುಕೊಂಡಳು.

‘ತಕ್ಕೊಂಡೋಗಕ್ಕ. ನಮ್ ಹಟ್ಟೀಲಿ ರೋಗ ಇನ್ನೂ ಇದ್ದಾತು.’