ಕೆಸರಿನಲ್ಲಿ ಸಿಕ್ಕ ಫಾರ್ವರ್ಡ್

ಬೆಂಗಳೂರಿನ ಒಂದು ಫುಟ್‌ಬಾಲ್ ಕ್ಲಬ್ಬಿನ ರಿಸರ್ವ್ ತಂಡಕ್ಕೆ ನಾನು ಕೋಚ್. ಮುಖ್ಯ ತಂಡಕ್ಕೆ ಹುಡುಗರನ್ನು ಬೆಳೆಸಿಕೊಡುವುದು ನನ್ನ ಕೆಲಸ. ಗೋಲು ಹೊಡೆಯುವ ಫಾರ್ವರ್ಡ್ ಒಬ್ಬನನ್ನು ಹುಡುಕುತ್ತಾ ಹೋದವನು, ಆ ಮಳೆಗಾಲದ ಮಧ್ಯಾಹ್ನ ಕರಾವಳಿ ಕಡೆಯ ಅಜೆಕಾರಿನ ಕೆಸರುಗದ್ದೆ ಫುಟ್‌ಬಾಲ್ ಪಂದ್ಯ ನೋಡುತ್ತಾ ಬದುವಿನ ಮೇಲೆ ನಿಂತಿದ್ದೆ.

ಮೊಣಕಾಲಷ್ಟು ಕೆಸರು. ಐದೇ ನಿಮಿಷದಲ್ಲಿ ಎಲ್ಲರದ್ದೂ ಒಂದೇ ಬಣ್ಣ. ಅದರಲ್ಲೊಬ್ಬ ಮಾತ್ರ, ಉಳಿದವರು ಕೆಸರಿನಿಂದ ಕಾಲು ಕೀಳುವಷ್ಟರಲ್ಲಿ ಚೆಂಡನ್ನು ಗೋಲಿಗೆ ಸೇರಿಸಿರುತ್ತಿದ್ದ. ಮೂರು ಗೋಲು! ವಿಡಿಯೋ ತೆಗೆದು ನಮ್ಮ ಮುಖ್ಯ ಕೋಚ್‌ಗೆ ಅಲ್ಲಿಂದಲೇ ಕಳಿಸಿದೆ.

ಆಟ ಮುಗಿದ ಮೇಲೆ ಅವನು ಪಂಪಿನ ನೀರಿಗೆ ತಲೆಯೊಡ್ಡಿದ. ಕೆಸರು ಇಳಿಯಿತು. ನಮ್ಮದೇ ತಂಡದಲ್ಲಿ ಹಿಂದೆ ನಿಂತು ಎದುರಾಳಿಗಳನ್ನು ತಡೆಯುವ ಡಿಫೆಂಡರ್ ನಿತೇಶ! ಕಾಲು ಉಳುಕಿದೆ ಎಂದು ರಜೆ ಹಾಕಿ ಹೋದವನು. ಅವನ ಊರು ಯಾವುದೆಂದು ಎರಡು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ.

"ಏನೋ ಇದು? ಉಳುಕಿದ ಕಾಲಾ ಇದು?" ಎಂದು ಕಿರುಚಿದೆ.

ಅವನು ಕೈಮುಗಿದ. "ತಂಡದಿಂದ ತೆಗೀಬೇಡಿ ಸರ್. ವರ್ಷಕ್ಕೊಮ್ಮೆ ಈ ಗದ್ದೆಗೆ ಇಳಿಯದಿದ್ರೆ ಊರಿನವರು ಬಿಡುವುದಿಲ್ಲ."

"ಹೀಗೆ ಗೋಲು ಹೊಡೀತೀನಿ ಅಂತ ಯಾಕೆ ಹೇಳಲಿಲ್ಲ?"

"ಸೇರಿದ ದಿನವೇ ಹೇಳಿದ್ದೆ ಸರ್. ಎತ್ತರ ಉಂಟಲ್ಲ, ಹಿಂದೆ ನಿಲ್ಲು ಅಂತ ನೀವೇ ಹೇಳಿದ್ದು."

ಅಷ್ಟರಲ್ಲಿ ಮುಖ್ಯ ಕೋಚ್‌ರ ಉತ್ತರ ಬಂತು: "ಕೂಡಲೇ ಕರೆತನ್ನಿ. ಇಂಥವನನ್ನು ಇಷ್ಟು ದಿನ ಯಾವ ಕಣ್ಣಿಲ್ಲದ ಕೋಚ್ ಕೈಯಲ್ಲಿಟ್ಟುಕೊಂಡಿದ್ದ?"

"ಇಲ್ಲಿ ನೆಟ್‌ವರ್ಕ್ ಇಲ್ಲ ಸರ್" ಎಂದು ಮೆಸೇಜು ಕಳಿಸಿ ಫೋನ್ ಆಫ್ ಮಾಡಿದೆ.