ಪಕ್ಕದ ಮನೆಯ ಕೆಂಪುಮೋರೆ ಹಕ್ಕಿಗಳು

ಕೀತ್ಲಿ ಎಂಬ ಊರಿನ ಗುಡ್ಡದ ಇಳಿಜಾರಿನಲ್ಲಿ, ಮಸಿ ಹಿಡಿದ ಕಲ್ಲಿನ ಸಾಲುಮನೆಗಳ ಆ ಬೀದಿಯಲ್ಲಿ, ಹಕ್ಕಿಗಳ ವಿಷಯದಲ್ಲಿ ಎಡ್ನಾ ಹಾರ್ಸ್‌ಫಾಲ್ ಹೇಳಿದ್ದೇ ಕಾನೂನು. ಯಾರ ಹಿತ್ತಿಲಿಗೆ ಯಾವ ಹೊಸ ಹಕ್ಕಿ ಬಂದರೂ ಅದರ ಹೆಸರು ಕೇಳಲು ಜನ ಅವಳ ಬಾಗಿಲಿಗೇ ಬರಬೇಕು. ಮೂವತ್ತನಾಲ್ಕು ವರ್ಷ ಶಾಲೆಯ ಅಡುಗೆಮನೆಯಲ್ಲಿ ನಿಂತು ಮಕ್ಕಳಿಗೆ ಮಧ್ಯಾಹ್ನದ ಊಟ ಬಡಿಸಿದವಳು ಅವಳು. ಸಾಲು ತಪ್ಪಿಸಿ ನುಗ್ಗಿದ ಹುಡುಗರನ್ನು ಬಾಯಿ ತೆರೆಯದೆ, ಸೌಟು ತೋರಿಸಿಯೇ ಹಿಂದಕ್ಕೆ ಕಳಿಸುತ್ತಿದ್ದಳು. ನಿವೃತ್ತಿಯಾದ ಮೇಲೆ ಆ ಶಿಸ್ತೆಲ್ಲ ಹಿತ್ತಿಲಿಗೆ ಬಂತು.

ಹುಲ್ಲು ಒಂದೇ ಎತ್ತರಕ್ಕೆ ಕತ್ತರಿಸಿರಬೇಕು, ಒಂದು ಕಳೆ ಕಾಣಬಾರದು. ಕಬ್ಬಿಣದ ಕಂಬದ ಕೊಕ್ಕೆಗಳಲ್ಲಿ ಹಕ್ಕಿಗಳು ಕೂತು ತಿನ್ನುವ ಕಾಳಿನ ಕೊಳವೆಗಳು ಸಾಲಾಗಿ ತೂಗುತ್ತಿದ್ದವು. ಗುಬ್ಬಿಗಳಿಗೆ ಸೂರ್ಯಕಾಂತಿ ಬೀಜ, ಪುಟ್ಟ ನೀಲಿ ಹಕ್ಕಿಗಳಿಗೆ ಕಡಲೆಕಾಯಿ, ಎಲ್ಲಕ್ಕಿಂತ ಸಣ್ಣ ತೂತಿನ ಕೊಳವೆಯಲ್ಲಿ ಹುಚ್ಚೆಳ್ಳು. ಪ್ರತಿ ಭಾನುವಾರ ಎಲ್ಲವನ್ನೂ ಇಳಿಸಿ, ಬಿಸಿನೀರಿನಲ್ಲಿ ಉದ್ದನೆಯ ಬ್ರಷ್ ಹಾಕಿ ಉಜ್ಜಿ ಒಣಗಿಸಿದರೇನೇ ಅವಳಿಗೆ ಸಮಾಧಾನ. ಕೊಳಕು ಕೊಳವೆಯಿಂದ ಫಿಂಚ್ ಜಾತಿಯ ಪುಟ್ಟ ಹಕ್ಕಿಗಳಿಗೆ ಗಂಟಲುರೋಗ ಹರಡುತ್ತದೆ ಎಂಬ ಕರಪತ್ರ ಅವಳ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡು ಹಳದಿಯಾಗಿತ್ತು. ಹಕ್ಕಿ ಮೈ ಉಬ್ಬಿಸಿಕೊಂಡು ಕೂತರೆ, ಹತ್ತಿರ ಹೋದರೂ ಹಾರದಿದ್ದರೆ, ಅವತ್ತೇ ಎಲ್ಲ ಕೊಳವೆ ಇಳಿಸಬೇಕು. ಎರಡು ವಾರ ಕಾಳು ಇಡಬಾರದು. ಅಕ್ಕಪಕ್ಕದವರಿಗೆ ಹೇಳಬೇಕು. ಒಮ್ಮೆ ಹದಿನಾಲ್ಕನೇ ಮನೆಯವನು ಇದನ್ನು ಪಾಲಿಸಲಿಲ್ಲವೆಂದು ಎಡ್ನಾ ಆ ಕರಪತ್ರ ಹಿಡಿದೇ ಅವನ ಬಾಗಿಲಿಗೆ ಹೋಗಿ, ಬೀದಿಗೆಲ್ಲ ಕೇಳುವಂತೆ ಅವನ ಮರ್ಯಾದೆ ಕಳೆದಿದ್ದಳು. ಅವನು ಇವತ್ತಿಗೂ ಅವಳನ್ನು ಕಂಡರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಾನೆ.

ಅವಳ ಗಂಡ ವಿಲ್ಫ್ ಬಸ್ ಓಡಿಸಿದವನು. ಮಂಡಿ ಹೋದ ಮೇಲೆ ಮನೆಯಲ್ಲೇ ಇದ್ದ. ಮೊದಲಿನಿಂದಲೂ ಮಾತು ಕಡಿಮೆ. ಬೆಳಿಗ್ಗೆ ಹತ್ತಕ್ಕೆ ಅಡುಗೆಮನೆಯ ಕಿಟಕಿಯ ಮುಂದೆ ಎರಡು ಕುರ್ಚಿ, ಎರಡು ಲೋಟ ಟೀ, ತಲಾ ಒಂದು ಬಿಸ್ಕತ್ತು. ಅವನು ಗುಬ್ಬಿ ಆರು ಎಂದರೆ ಅವಳು ಏಳು, ಬೇಲಿಯ ಹಿಂದೆ ಒಂದಿದೆ ಎನ್ನುತ್ತಿದ್ದಳು. ಅವನು ಕಣ್ಣು ಕಿರಿದು ಮಾಡಿ ನೋಡಿ, ಹೌದು ಮುದುಕಿ, ಏಳೇ, ಎನ್ನುತ್ತಿದ್ದ. ಮಕ್ಕಳಿಲ್ಲದ ಆ ಮನೆಯಲ್ಲಿ ಗಂಡ ಹೆಂಡಿರ ದಿನದ ಮಾತುಕತೆಯೆಂದರೆ ಹೆಚ್ಚುಕಡಿಮೆ ಇಷ್ಟೇ, ಮತ್ತು ಎಡ್ನಾಗೆ ಇಷ್ಟು ಸಾಕಾಗಿತ್ತು. ಮಿಕ್ಕಿದ್ದೆಲ್ಲ ಹೋದರೂ ಆ ಅರ್ಧ ಗಂಟೆ ತನ್ನದು ಎಂದು ಅವಳು ನಂಬಿದ್ದಳು.

ಹೊಟ್ಟೆಕಿಚ್ಚು ಅವಳಿಗೆ ಹೊಸದೇನಲ್ಲ. ಚಿಕ್ಕಂದಿನಲ್ಲಿ ತಂಗಿಯ ಗುಂಗುರು ಕೂದಲು ಕಂಡು ಕುದಿದವಳು. ದೊಡ್ಡವಳಾದ ಮೇಲೆ ಶಾಲೆಯಲ್ಲಿ ಇನ್ನೊಬ್ಬಳು ಮಾಡಿದ ಸೇಬಿನ ಕಡುಬನ್ನು ಮಕ್ಕಳು ಎರಡನೇ ಸಲ ಕೇಳಿ ಹಾಕಿಸಿಕೊಂಡರೆ ಮನೆಗೆ ಬಂದು ಪಾತ್ರೆ ಕುಕ್ಕಿದವಳು. ಆದರೆ ಅವೆಲ್ಲ ಬಂದು ಹೋಗುವ ನೆಗಡಿಯ ಹಾಗೆ. ಗ್ಲೆನಿಸ್ ಪಕ್ಕದ ಮನೆಗೆ ಬಂದ ಮೇಲೆ ಹತ್ತಿದ್ದು ಬಿಡಲೇ ಇಲ್ಲ.

ಗ್ಲೆನಿಸ್ ವೇಲ್ಸ್ ಕಡೆಯ ವಿಧವೆ. ದಪ್ಪಗೆ, ನಗುನಗುತ್ತ, ಹಗಲೆಲ್ಲ ಮನೆ ಚಪ್ಪಲಿಯಲ್ಲೇ ಓಡಾಡುವವಳು. ಬಂದ ವಾರಕ್ಕೇ ಎಡ್ನಾಳನ್ನು ನೀನು ತಾನು ಎಂದು ಕರೆಯತೊಡಗಿದಳು. ಎಡ್ನಾ ಮಾತ್ರ ಮೂರು ವರ್ಷವಾದರೂ ನೀವು ಬಿಟ್ಟು ಕೆಳಗಿಳಿಯಲಿಲ್ಲ. ಗ್ಲೆನಿಸ್‌ಳ ಹಿತ್ತಿಲು ನೋಡಿದರೆ ಎಡ್ನಾಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಹುಲ್ಲು ಮೊಣಕಾಲುದ್ದ. ಬೇಲಿಯುದ್ದಕ್ಕೂ ಆಳೆತ್ತರದ ಮುಳ್ಳುಗಿಡಗಳು, ತುದಿಯಲ್ಲಿ ಒಣಗಿದ ಮುಳ್ಳಿನ ಗೊಂಡೆಗಳು. ಚಳಿಗಾಲ ಬಂದರೂ ಅವನ್ನು ಕಡಿಯುವ ಯೋಚನೆಯೇ ಅವಳಿಗಿಲ್ಲ. ಒಂದೆರಡು ಕೊಳವೆಗಳನ್ನು ಕೊಂಬೆಗೆ ಸಿಕ್ಕಿಸಿದ್ದಳು, ನೆನಪಾದಾಗ ತುಂಬಿಸುತ್ತಿದ್ದಳು.

ಆ ಕೊಂಪೆಗೆ ಗೋಲ್ಡ್‌ಫಿಂಚ್‌ಗಳು ಬಂದವು. ಮುಖಕ್ಕೆ ಕುಂಕುಮ ಬಳಿದುಕೊಂಡಂತಹ ಕೆಂಪು, ರೆಕ್ಕೆಯಲ್ಲಿ ಹೊಳೆಯುವ ಹಳದಿ ಪಟ್ಟೆ, ಸಣ್ಣ ಗೆಜ್ಜೆಯ ಸದ್ದಿನಂತಹ ದನಿ. ಒಂದಲ್ಲ ಎರಡಲ್ಲ, ಹನ್ನೊಂದು. ಮುಳ್ಳಿನ ಗೊಂಡೆಗಳ ಮೇಲೆ ಜೋತುಬಿದ್ದು ಬೀಜ ಕೆದರಿ ತಿನ್ನುತ್ತಿದ್ದವು. ಅವಕ್ಕೆಂದೇ ಎಡ್ನಾ ವರ್ಷಗಳಿಂದ ಹುಚ್ಚೆಳ್ಳು ಕೊಂಡು ತಂದು, ಹಳೆಯದನ್ನು ಚೆಲ್ಲಿ ಹೊಸದನ್ನು ತುಂಬಿ ಕಾದಿದ್ದಳು. ಒಂದಾದರೂ ಇತ್ತ ತಿರುಗಿ ನೋಡಲಿಲ್ಲ.

ಇತ್ತ ಬಂದದ್ದು ಅಳಿಲು. ಬೂದು ಬಣ್ಣದ, ಬೆಕ್ಕಿನ ಮರಿಯಷ್ಟು ಕೊಬ್ಬಿದ ಅಳಿಲು. ಬೆಳಿಗ್ಗೆ ಗ್ಲೆನಿಸ್‌ಳ ಮೆಟ್ಟಿಲ ಮೇಲೆ ಕೂತು ಅವಳ ಕೈಯಿಂದಲೇ ಕಡಲೆಕಾಯಿ ತಿಂದು, ಹೊಟ್ಟೆ ತುಂಬಿದ ಮೇಲೆ ಬೇಲಿ ಹಾರಿ ಎಡ್ನಾಳ ಕೊಳವೆ ಕಚ್ಚಿ ಬೀಳಿಸಲು ಬರುತ್ತಿತ್ತು. ಎಡ್ನಾ ಕಂಬಕ್ಕೆ ಜಿಡ್ಡು ಸವರಿದಳು, ಕಾಳಿಗೆ ಖಾರದ ಪುಡಿ ಕಲಸಿದಳು. ಹಕ್ಕಿಗೆ ಖಾರ ತಿಳಿಯುವುದಿಲ್ಲ, ಅಳಿಲಿಗೆ ತಿಳಿಯುತ್ತದೆ. ಒಂದು ದಿನ ಅದು ಸೀನಿತು, ಮರುದಿನದಿಂದ ಖಾರವೂ ಅದಕ್ಕೆ ರುಚಿಸಿತು. ವಿಲ್ಫ್ ಇದನ್ನು ಗ್ಲೆನಿಸ್‌ಗೆ ಹೇಳಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರೆಂದು ಎಡ್ನಾಗೆ ಬೇಲಿಯಾಚೆಯಿಂದಲೇ ತಿಳಿಯಿತು. ವಿಲ್ಫ್ ಹಾಗೆ ಸದ್ದು ಮಾಡಿ ನಕ್ಕಿದ್ದನ್ನು ಅವಳು ಕೇಳಿ ಎಷ್ಟೋ ಕಾಲವಾಗಿತ್ತು.

ವಿಲ್ಫ್ ಮೊದಮೊದಲು ವಾರಕ್ಕೊಮ್ಮೆ ಪಕ್ಕದ ಮನೆಗೆ ಹೋಗುತ್ತಿದ್ದ. ಗ್ಲೆನಿಸ್‌ಳ ಮನೆಯ ಹಿಂದೆ ಗಾಜಿನ ಪುಟ್ಟ ಕೋಣೆಯಿತ್ತು, ಅಲ್ಲಿ ಕೂತರೆ ಕೆಂಪುಮೋರೆಗಳು ಮೂಗಿನ ತುದಿಯಲ್ಲೇ ಇರುತ್ತವೆಂದು ಅವನ ವರ್ಣನೆ. ನೀನೂ ಬಾ ಎಂದು ಕರೆದ. ತನಗೆ ಕೆಲಸವಿದೆ ಎಂದಳು ಎಡ್ನಾ. ಆಮೇಲೆ ಎರಡು ದಿನಕ್ಕೊಮ್ಮೆಯಾಯಿತು. ಆಮೇಲೆ ಹತ್ತು ಗಂಟೆಯ ಟೀಯನ್ನು ಅರ್ಧ ಕುಡಿದು, ಲೋಟ ಕೈಯಲ್ಲಿ ಹಿಡಿದೇ ಏಳುವ ಅಭ್ಯಾಸವಾಯಿತು. ಕುಂಟುತ್ತ ಗೇಟು ದಾಟುವ ಆ ಬೆನ್ನನ್ನು ನೋಡುವಾಗ ಎಡ್ನಾಗೆ ಎದೆಯಲ್ಲಿ ಕೆಂಡ ಇಟ್ಟ ಹಾಗಾಗುತ್ತಿತ್ತು. ವಿಲ್ಫ್ ಅಂಥವನಲ್ಲ, ಗ್ಲೆನಿಸ್‌ಳೂ ಅಂಥವಳಲ್ಲ, ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅಂಥದ್ದೇನಾದರೂ ಇದ್ದಿದ್ದರೆ ಬಾಯಿ ಬಿಟ್ಟು ಜಗಳವಾದರೂ ಆಡಬಹುದಿತ್ತು. ಹಕ್ಕಿ ನೋಡಲು ಹೋದ ಗಂಡನ ಮೇಲೆ ಏನೆಂದು ಜಗಳ ಆಡುವುದು?

ಜನವರಿಯ ಕೊನೆಯ ಭಾನುವಾರ ಹಕ್ಕಿ ಎಣಿಸುವ ದಿನ. ದೇಶದ ತುಂಬ ಜನ ತಮ್ಮ ತಮ್ಮ ಕಿಟಕಿಯಲ್ಲಿ ಒಂದು ಗಂಟೆ ಕೂತು, ಒಂದೊಂದು ಜಾತಿಯ ಹಕ್ಕಿ ಒಟ್ಟಿಗೆ ಅತಿ ಹೆಚ್ಚೆಂದರೆ ಎಷ್ಟು ಕಂಡವೆಂದು ಬರೆದು ಕಳಿಸುತ್ತಾರೆ. ಎಡ್ನಾ ಮತ್ತು ವಿಲ್ಫ್ ಒಂದು ವರ್ಷವೂ ತಪ್ಪಿಸಿದವರಲ್ಲ. ಆ ಬೆಳಿಗ್ಗೆ ಅವಳು ಪೆನ್ಸಿಲ್ ಚೂಪು ಮಾಡುತ್ತಿದ್ದಾಗ ವಿಲ್ಫ್ ಕೋಟು ಹಾಕಿಕೊಂಡ.

"ಈ ಸಲ ನಾನು ಗ್ಲೆನಿಸ್ ಮನೇಲಿ ಎಣಿಸ್ತೀನಿ ಮುದುಕಿ. ಅವಳಿಗೆ ಗುಬ್ಬೀಲಿ ಗಂಡು ಯಾವ್ದು ಹೆಣ್ಣು ಯಾವ್ದು ಅನ್ನೋದೂ ಗೊತ್ತಾಗಲ್ಲ, ಪಾಪ."

ಆ ಪಾಪ ಎಂಬ ಮಾತು ಎಡ್ನಾಗೆ ನಾಟಿತು. ಹೋಗು ಎಂದಳು. ಒಂಟಿಯಾಗಿ ಕೂತು ಗುಬ್ಬಿ ಎಂಟು, ಕಾಡುಪಾರಿವಾಳ ಎರಡು, ರಾಬಿನ್ ಒಂದು ಎಂದು ಬರೆದಳು. ಮಿಕ್ಕ ಸಮಯವೆಲ್ಲ ಅವಳ ದುರ್ಬೀನು ಪಕ್ಕದ ಹಿತ್ತಿಲಿಗೇ ತಿರುಗಿತ್ತು. ಗಾಜಿನಾಚೆ ಎರಡು ತಲೆ ಹತ್ತಿರವಾಗಿ ಏನನ್ನೋ ಬಗ್ಗಿ ನೋಡುತ್ತಿದ್ದವು.

ಮರುದಿನ ಸೋಮವಾರ. ಎಡ್ನಾ ಕಾಳು ತುಂಬಿಸಲು ಹೋದಾಗ ಸೂರ್ಯಕಾಂತಿಯ ಕೊಳವೆಯ ಕೆಳಗೆ ಒಂದು ಹಸಿರು ಫಿಂಚ್ ಕೂತಿತ್ತು. ಮೈಯನ್ನು ಚೆಂಡಿನ ಹಾಗೆ ಉಬ್ಬಿಸಿಕೊಂಡಿತ್ತು. ಕೊಕ್ಕು ಒದ್ದೆಯಾಗಿ, ನುಂಗಲಾಗದ ಬೀಜದ ಚೂರುಗಳು ಅದಕ್ಕೆ ಅಂಟಿದ್ದವು. ಅವಳು ಒಂದು ಹೆಜ್ಜೆ ಇಟ್ಟಳು, ಇನ್ನೊಂದು ಇಟ್ಟಳು, ಅದು ಕದಲಲಿಲ್ಲ. ಆ ಬೀದಿಯಲ್ಲಿ ಅದರ ಅರ್ಥ ತಿಳಿದವರು ಅವಳಿಗಿಂತ ಬೇರೆ ಯಾರೂ ಇರಲಿಲ್ಲ.

ಕೈ ಕೊಕ್ಕೆಯವರೆಗೂ ಹೋಯಿತು. ಒಂದು ಕೊಳವೆ ಇಳಿಸಿಯೂ ಇಳಿಸಿದಳು. ಆಗ ಅವಳಿಗೆ ಮುಂದಿನ ಎರಡು ವಾರ ಕಣ್ಣಿಗೆ ಕಟ್ಟಿತು. ಬೋಳು ಕಂಬ, ಒಂದು ಗುಬ್ಬಿಯೂ ಇಳಿಯದ ಹುಲ್ಲು. ಗ್ಲೆನಿಸ್‌ಗೆ ಹೇಳಿದರೂ ಅವಳು ಇಳಿಸುವುದು ಕೊಳವೆಗಳನ್ನು ಮಾತ್ರ, ಮುಳ್ಳುಗಿಡಗಳ ತುಂಬ ಬೀಜ ಇದ್ದೇ ಇರುತ್ತದೆ. ಇಲ್ಲಿಯ ಹಕ್ಕಿಗಳೂ ಅಲ್ಲಿಗೇ ಹೋಗುತ್ತವೆ. ವಿಲ್ಫ್ ಈಗ ಕುಡಿಯುವ ಅರ್ಧ ಲೋಟ ಟೀಗೂ ಈ ಕಿಟಕಿಯಲ್ಲಿ ಕೂರಲು ಕಾರಣವಿರುವುದಿಲ್ಲ. ಎರಡು ವಾರ ಅಲ್ಲಿ ಕೂತು ರೂಢಿಯಾದವನು ಮತ್ತೆ ಇಲ್ಲಿ ಬಂದು ಕೂರುತ್ತಾನೆಯೇ?

ಎಡ್ನಾ ಕೊಳವೆಯನ್ನು ಮತ್ತೆ ಕೊಕ್ಕೆಗೆ ಸಿಕ್ಕಿಸಿದಳು. ಸಂಜೆಗೆ ಆ ಹಕ್ಕಿ ಸತ್ತಿತ್ತು. ಹಳೆಯ ಪತ್ರಿಕೆಯಲ್ಲಿ ಸುತ್ತಿ ಕಸದ ಡಬ್ಬಿಗೆ ಹಾಕಿದಳು.

ನಾಲ್ಕನೇ ದಿನ ಇನ್ನೊಂದು ಸಿಕ್ಕಿತು. ವಿಲ್ಫ್ ಕಿಟಕಿಯಿಂದ ನೋಡಿ ಅದೇನೆಂದು ಕೇಳಿದ್ದಕ್ಕೆ ಬೆಕ್ಕಿನ ಕೆಲಸ ಎಂದಳು. ಆಮೇಲೆ ಅವನು ಏಳುವ ಮೊದಲೇ ದಿನಾ ಎದ್ದು, ಕೈಗವಸು ಹಾಕಿ, ಕೊಳವೆಗಳನ್ನೆಲ್ಲ ಬ್ಲೀಚಿನಲ್ಲಿ ಅದ್ದಿ ಉಜ್ಜಿ, ಹತ್ತು ಗಂಟೆಯೊಳಗೆ ಮತ್ತೆ ತೂಗುಹಾಕುತ್ತಿದ್ದಳು. ಇಷ್ಟು ತೊಳೆದರೆ ಸಾಕು ಎಂದು ತನಗೆ ತಾನೇ ಹೇಳಿಕೊಂಡಳು. ಹದಿನಾಲ್ಕನೇ ಮನೆಯವನೂ ಅಂದು ಇದನ್ನೇ ಹೇಳಿದ್ದ, ತಾನು ತೊಳೆಯುತ್ತಿದ್ದೇನೆ ಎಂದು. ಅವಳು ಅವನನ್ನು ಕೊಲೆಗಾರ ಎಂದು ಕರೆದಿದ್ದಳು. ಕರಪತ್ರವನ್ನು ಫ್ರಿಜ್ಜಿನಿಂದ ಕಿತ್ತು ಡ್ರಾಯರಿನ ತಳಕ್ಕೆ ಹಾಕಿದಳು. ವಿಲ್ಫ್ ಗಮನಿಸಲಿಲ್ಲ. ಅವನು ಗಮನಿಸಲಿಲ್ಲ ಎಂಬುದಕ್ಕೂ ಅವಳಿಗೆ ಸಿಟ್ಟು ಬಂತು.

ಒಂಬತ್ತನೇ ದಿನ, ಮಂಗಳವಾರ. ವಿಲ್ಫ್ ಅರ್ಧ ಟೀ ಮುಗಿಸಿ ಎದ್ದವನು ಹಾಗೇ ನಿಂತುಬಿಟ್ಟ. ಅವಳ ತೋಳು ಹಿಡಿದು, ಉಸಿರು ಬಿಗಿಹಿಡಿದು, ಕಿಟಕಿಯತ್ತ ತೋರಿಸಿದ.

ಕಿಟಕಿಯ ಹೊರಗಿನ ಕಟ್ಟೆಯ ಮೇಲೆ, ಗಾಜಿಗೆ ಒಂದು ಗೇಣು ದೂರದಲ್ಲಿ, ಗೋಲ್ಡ್‌ಫಿಂಚ್ ಕೂತಿತ್ತು.

"ಬಂತು ನೋಡು ಮುದುಕಿ," ಎಂದ ವಿಲ್ಫ್ ಮೆಲ್ಲಗೆ. "ಎಷ್ಟು ಸಾಧು ನೋಡು. ಹೆದರಿಕೇನೇ ಇಲ್ಲ."

ಅವನು ಮಂಡಿನೋವು ಮರೆತು ಬಾಗಿಲಿಗೆ ಹೋಗಿ, ಬೇಲಿಯ ಮೇಲಿಂದ ಗ್ಲೆನಿಸ್‌ಳನ್ನು ಕರೆದ. ಅವಳು ಹಿಮ ಕೂತ ಹುಲ್ಲಿನ ಮೇಲೆ ಮನೆ ಚಪ್ಪಲಿಯಲ್ಲೇ ಬಂದಳು, ಒಳಗೆ ಬಂದು ವಿಲ್ಫ್ ಖಾಲಿ ಮಾಡಿದ ಜಾಗದಲ್ಲಿ ನಿಂತು ಬಗ್ಗಿ ನೋಡಿದಳು. ಎಡ್ನಾ ಕುರ್ಚಿಯಿಂದ ಎದ್ದಿರಲಿಲ್ಲ. ಹಕ್ಕಿಯ ಮೈ ಉಬ್ಬಿತ್ತು. ಕೆಂಪು ಮುಖದ ಕೆಳಗೆ ಕೊಕ್ಕು ಒದ್ದೆಯಾಗಿತ್ತು. ಅದು ಕಣ್ಣು ಮುಚ್ಚುತ್ತಿತ್ತು, ತೆರೆಯುತ್ತಿತ್ತು, ಮತ್ತೆ ಮುಚ್ಚುತ್ತಿತ್ತು.

ಗ್ಲೆನಿಸ್ ಎಡ್ನಾಳ ಭುಜದ ಮೇಲೆ ಕೈ ಹಾಕಿದಳು. ಅವಳ ಮುಖದಲ್ಲಿ ಎಡ್ನಾ ಹುಡುಕಿದ್ದು ಒಂದು ಚೂರು ಕಹಿ. ಅದು ಎಲ್ಲಿಯೂ ಇರಲಿಲ್ಲ.

"ಅಂತೂ ನಿನ್ ಹತ್ರಾನೂ ಬಂತಲ್ಲ ಎಡ್ನಾ, ನಂಗೆ ಎಷ್ಟು ಸಂತೋಷ ಆಯ್ತು ಗೊತ್ತಾ. ಹನ್ನೊಂದಿದ್ವು, ಈ ವಾರ ಎಣಿಸಿದ್ರೆ ಐದೇ. ಎಲ್ಲಿ ಹೋದ್ವೋ ಅಂತ ಯೋಚ್ನೆ ಆಗಿತ್ತು. ನಿನ್ ಮನೆಗೆ ಬರ್ತಿದ್ವು ಅನ್ನು."

ಎಡ್ನಾ ಇಡೀ ಬದುಕಿನಲ್ಲಿ ತಾನು ಇನ್ನೊಬ್ಬರ ಒಳ್ಳೆಯದಕ್ಕೆ ಹೀಗೆ ಸಂತೋಷಪಟ್ಟ ಒಂದು ಸಲವನ್ನು ನೆನಪಿಸಿಕೊಳ್ಳಲು ನೋಡಿದಳು, ಆಗಲಿಲ್ಲ. ಈಗಲೂ ಅವಳಿಗೆ ಮೊದಲು ಹುಟ್ಟಿದ್ದು ಹೊಟ್ಟೆಕಿಚ್ಚೇ, ಈ ಹೆಂಗಸಿಗೆ ಇಂಥ ಮನಸ್ಸು ಎಲ್ಲಿಂದ ಬಂತು ಎಂದು. ನಾಚಿಕೆ ಅದರ ಹಿಂದೆ ಬಂತು.

"ಅದಕ್ಕೆ ಕಾಯಿಲೆ ಆಗಿದೆ ಗ್ಲೆನಿಸ್," ಎಂದಳು. "ನಮ್ ಕೊಳವೆಯಿಂದ್ಲೇ ಹತ್ತಿರ್ಬೇಕು. ನಂಗೆ ಗೊತ್ತಿತ್ತು. ಇಳಿಸ್ಲಿಲ್ಲ."

ವಿಲ್ಫ್ ಲೋಟವನ್ನು ಮೇಜಿನ ಮೇಲಿಟ್ಟ.

"ಎಷ್ಟ್ ದಿನದಿಂದ ಗೊತ್ತು?"

"ಒಂಬತ್ತು."

"ಬೆಕ್ಕು ಅಂದಿದ್ದೆ."

"ಹೌದು."

ಯಾಕೆ ಎಂದು ಅವನು ಕೇಳಲಿ ಎಂದು ಎಡ್ನಾ ಕಾದಳು. ಕೇಳಿದ್ದರೆ ಹೇಳುತ್ತಿದ್ದಳು, ನೀನು ಇಲ್ಲೇ ಕೂತಿರ್ಬೇಕು ಅಂತ ಎಂದು, ಗ್ಲೆನಿಸ್‌ಳ ಮುಂದೆಯೇ ಹೇಳಿಬಿಡುತ್ತಿದ್ದಳು. ಅವನು ಕೇಳಲಿಲ್ಲ. ಗ್ಲೆನಿಸ್‌ಳ ಕೈ ಅವಳ ಭುಜದಿಂದ ಯಾವಾಗ ಹೋಯಿತೋ ತಿಳಿಯಲಿಲ್ಲ. ಗ್ಲೆನಿಸ್ ಕಟ್ಟೆಯ ಕಡೆ ನೋಡುತ್ತ, ನನ್ನ ಕೊಳವೆಗಳನ್ನೂ ಇಳಿಸಬೇಕಲ್ಲ, ಹೇಗೆ ತೊಳೆಯಬೇಕೋ ನನಗೆ ಗೊತ್ತಿಲ್ಲ ಎಂದು ಯಾರಿಗೂ ಅಲ್ಲದೆ ಹೇಳಿದಳು. ನಾನು ಬರುತ್ತೇನೆ ನಡಿ, ಎಂದ ವಿಲ್ಫ್. ಬ್ಲೀಚಿನ ಬಾಟಲಿ ಎಲ್ಲಿದೆಯೆಂದು ಹೆಂಡತಿಯನ್ನು ಕೇಳದೆ ಸಿಂಕಿನ ಕೆಳಗಿಂದ ತಾನೇ ತೆಗೆದುಕೊಂಡ. ಇಬ್ಬರೂ ಗೇಟು ದಾಟಿ ಹೋದರು.

ಎಡ್ನಾ ಕಿಟಕಿಯ ಹತ್ತಿರ ಹೋದಳು. ಹಕ್ಕಿ ಅವಳತ್ತಲೇ ಮುಖ ಮಾಡಿ ಕೂತಿತ್ತು. ಹೋಗು, ಎಂದಳು. ಬೆರಳ ಗಣ್ಣಿನಿಂದ ಗಾಜಿಗೆ ಬಡಿದಳು, ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ, ಆಮೇಲೆ ಅಂಗೈಯಿಂದ. ಅದು ಹೋಗಲಿಲ್ಲ.