ಮೂಲೆಮನೆಯ ಪೋರ್ಟಿಕೊ

ತನ್ನ ಹಳೆಯ ಕಾರಿಗೆ ಹೊಸ ಗಿರಾಕಿಗಳು ಹತ್ತುವಾಗ ಬ್ರೋಕರಮ್ಮ ಅವರ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದಳು. ಬಾಗಿಲನ್ನು ದಡಾರನೆ ಎಳೆದು ಹಾಕಿದರೆ ಅವರಿಗೆ ಲಿಫ್ಟ್ ಇರುವ ಹೊಸ ಫ್ಲ್ಯಾಟು. ಎರಡು ಬೆರಳಲ್ಲಿ ಹಿಡಿಕೆ ಸವರಿ, "ಇದು ಯಾವ ಕಾಲದ್ದು?" ಎಂದು ಕೇಳಿದರೆ ಅವರಿಗೆ ಎತ್ತರದ ಸೂರು, ಮರದ ಮೆಟ್ಟಿಲು, ಬಣ್ಣದ ಗಾಜಿನ ಕಿಟಕಿಯ ಹಳೆಯ ಮನೆ. ಮನೆ ಮಾರಿಸುವ ಇಷ್ಟು ವರ್ಷದ ದಂಧೆಯಲ್ಲಿ ಈ ಲೆಕ್ಕ ತಪ್ಪಿದ್ದು ಕಡಿಮೆ. ತಪ್ಪಿದಾಗಲೂ ಅವಳು ತಪ್ಪು ತನ್ನದಲ್ಲ, ಬಾಗಿಲಿನ ಸಡಿಲ ತಿರುಪಿನದು ಎನ್ನುತ್ತಿದ್ದಳು.

ಆ ಕಾರಿಗೆ 'ದೊಡ್ಡಮ್ಮ' ಎಂದು ಹೆಸರು. ಕೆನೆಬಣ್ಣ, ಉಬ್ಬಿದ ಕೆನ್ನೆ, ಸ್ಟೀರಿಂಗಿನ ಪಕ್ಕದಲ್ಲೇ ಗೇರಿನ ಕೋಲು. ಬ್ರೋಕರಮ್ಮನ ಅಪ್ಪ ಅದನ್ನು ಟ್ಯಾಕ್ಸಿಯಾಗಿ ಓಡಿಸಿ ಮೂರು ಮಕ್ಕಳನ್ನು ಸಾಕಿದ್ದ. ಅವನು ಹೋದ ಮೇಲೆ ಅಣ್ಣಂದಿರಿಬ್ಬರೂ ಮನೆ ಹಂಚಿಕೊಂಡರು; ಯಾರಿಗೂ ಬೇಡವಾದ ಕಾರು ಇವಳ ಪಾಲಿಗೆ ಬಂತು. ಇವಳಿಗೆ ಬೇಕಾಗಿದ್ದೂ ಅದೇ. ಗಂಡ ಕೋಟು ಹೊಲಿಯುವ ದರ್ಜಿ, ಸಮಾಧಾನದ ಮನುಷ್ಯ. ಯಾರಾದರೂ ಕೇಳಿದರೆ ಸೂಜಿಗೆ ದಾರ ಪೋಣಿಸುತ್ತಲೇ ಹೇಳುತ್ತಿದ್ದ: "ನಮ್ಮನೇಲಿ ಇಬ್ಬರು ಹೆಂಗಸರು. ಬೆಳಗ್ಗೆ ಎದ್ದ ತಕ್ಷಣ ಇಬ್ಬರನ್ನೂ ಮಾತಾಡಿಸಬಾರದು. ಬಿಸಿ ಆಗೋವರೆಗೂ ಸುಮ್ಮನೆ ಬಿಟ್ಟುಬಿಡಬೇಕು."

ಭಾನುವಾರ ಬೆಳಗ್ಗೆ ಬ್ರೋಕರಮ್ಮ ಮನೆ ತೋರಿಸುತ್ತಿರಲಿಲ್ಲ. ಅವತ್ತು ಪಾಳುಬಿದ್ದ ರೈಲ್ವೆ ಗೂಡ್ಸ್ ಯಾರ್ಡಿನಲ್ಲಿ ಊರಿನ ಹಳೆಯ ಕಾರುಗಳೆಲ್ಲ ಸೇರುತ್ತಿದ್ದವು. ಬ್ಯಾಂಕಿನ ಮ್ಯಾನೇಜರು, ಬೇಕರಿಯವನು, ನಿವೃತ್ತ ನರ್ಸು, ಎಲ್ಲರೂ ಬಾನೆಟ್ ಎತ್ತಿ ಒಬ್ಬರ ಕಾರಿನ ಹೊಟ್ಟೆಯೊಳಗೆ ಇನ್ನೊಬ್ಬರು ತಲೆ ತೂರಿಸಿ ನಿಂತಿರುತ್ತಿದ್ದರು. ಅವರೆಲ್ಲರ ವೈದ್ಯ 'ಗ್ರೀಸ್ ಮಾವ'. ಎಪ್ಪತ್ತು ದಾಟಿದ ಈ ಮೆಕ್ಯಾನಿಕ್ ಕಾರನ್ನು ಮುಟ್ಟುವ ಮೊದಲು ಅದರ ಯಜಮಾನನನ್ನು ಚೆನ್ನಾಗಿ ಬೈಯುತ್ತಿದ್ದ. ಬೈಗುಳಕ್ಕೇ ಅರ್ಧ ರಿಪೇರಿ ಆಗುತ್ತದೆ ಎಂಬುದು ಅವನ ನಂಬಿಕೆ.

ಅಂಥದ್ದರಲ್ಲಿ ಮೂಲೆಮನೆ ಮಾರಾಟಕ್ಕೆ ಬಂತು.

ಎರಡು ರಸ್ತೆ ಕೂಡುವಲ್ಲಿ ದೊಡ್ಡ ಅಂಗಳದ ನಡುವೆ ನಿಂತ ಮನೆ ಅದು. ಬ್ರೋಕರಮ್ಮ ಚಿಕ್ಕವಳಿದ್ದಾಗ, ಅಪ್ಪನ ಪಕ್ಕದ ಸೀಟಿನಲ್ಲಿ ಕೂತು ಹೋಗುವಾಗಲೇ ಅದರ ಮೇಲೆ ಕಣ್ಣಿಟ್ಟಿದ್ದಳು. ಕೊಳ್ಳುವ ಆಸೆಯೇನಲ್ಲ, ಒಮ್ಮೆ ಒಳಗೆ ಹೋಗಿ ನೋಡಬೇಕು ಎಂಬ ಹಂಬಲ. ಈಗ ಕೀಲಿಕೈಯೇ ಅವಳ ಕೈಗೆ ಬಂದಿತ್ತು.

ಮನೆಯವರು ಅಕ್ಕ ತಂಗಿ, ಇಬ್ಬರೂ ಅರವತ್ತು ದಾಟಿದವರು. ಅಕ್ಕ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತಳಾದವಳು. ತಂಗಿಯದು ಔಷಧದ ಅಂಗಡಿ, ಇನ್ನೂ ಜೋರಾಗಿ ನಡೆಯುತ್ತಿತ್ತು. ಅಕ್ಕನ ಮೊಣಕಾಲು ಮಹಡಿ ಮೆಟ್ಟಿಲಿನ ಮೇಲೆ ಮುನಿಸಿಕೊಂಡ ಮೇಲೆ ಇಬ್ಬರೂ ಲಿಫ್ಟ್ ಇರುವ ಕಡೆ ಹೋಗೋಣವೆಂದು ಒಪ್ಪಿದ್ದರು. ಆ ಒಂದು ಮಾತು ಬಿಟ್ಟರೆ ಮತ್ತಾವುದರಲ್ಲೂ ಅವರಿಗೆ ಹೊಂದುತ್ತಿರಲಿಲ್ಲ. ಮನೆ ಉಳಿಸಿಕೊಳ್ಳುವವರಿಗೇ ಕೊಡಬೇಕು ಎಂದು ಅಕ್ಕ. ಕೆಡವುವವರಾದರೂ ಸರಿ, ಬೇಗ ಮುಗಿದರೆ ಸಾಕು ಎಂದು ತಂಗಿ.

ಕೆಡವುವವನು ಸಿದ್ಧನಾಗಿಯೇ ಇದ್ದ. ಎಲ್ಲಿ ಖಾಲಿ ಜಾಗ ಕಂಡರೂ ಹತ್ತು ಮಹಡಿ ಎಬ್ಬಿಸುವ ಬಿಲ್ಡರು. ಊರವರು ಅವನನ್ನು 'ಹತ್ತಂತಸ್ತು' ಎಂದೇ ಕರೆಯುತ್ತಿದ್ದರು. ಕೆಟ್ಟವನಲ್ಲ. ಬ್ರೋಕರಮ್ಮನ ಜೊತೆ ಒಳ್ಳೆಯ ವ್ಯವಹಾರವೇ ಇತ್ತು.

"ಯಾಕೆ ಸುಮ್ಮನೆ ತಲೆ ಕೆಡಿಸ್ಕೊಳ್ತೀಯಮ್ಮ?" ಎಂದು ಅವನು ಫೋನಿನಲ್ಲಿ ನಕ್ಕ. "ಜಾಗ ನನಗೆ ಕೊಡಿಸು. ಹತ್ತಂತಸ್ತೂ ನೀನೇ ಮಾರುವಂತೆ."

"ಮನೆಗೆ ಗಿರಾಕಿ ಇದ್ದಾರೆ. ಇನ್ನೂ ಅವರಿಗೇ ಗೊತ್ತಾಗಿಲ್ಲ ಅಷ್ಟೆ," ಎಂದಳು ಬ್ರೋಕರಮ್ಮ.

ಹೇಳಿದ್ದೇನೋ ಗತ್ತಿನಿಂದಲೇ. ಆದರೆ ಬಂದವರೆಲ್ಲ ಒಂದೇ ಜಾಗದಲ್ಲಿ ಮುಗ್ಗರಿಸುತ್ತಿದ್ದರು. ಹಿಂದಿನ ಹಜಾರ, ಮಹಡಿಯ ಕೋಣೆಗಳು ಎಲ್ಲ ಚಂದ. ಅಲ್ಲಿಗೆ ಹೋಗಬೇಕಾದರೆ ಮಾತ್ರ ಮುಂಬಾಗಿಲ ಮುಂದಿದ್ದ ಒಂದು ಕೋಣೆಯನ್ನು ದಾಟಬೇಕು. ತಗ್ಗು ಕಿಟಕಿ, ಒದ್ದೆ ವಾಸನೆ, ನಡುಹಗಲಲ್ಲೂ ದೀಪ ಹಾಕಬೇಕಾದ ಕತ್ತಲು. ಇಡೀ ಮನೆಯ ಬೆಳಕನ್ನು ಆ ಕೋಣೆ ನುಂಗಿ ಕೂತಿತ್ತು. ಬ್ರೋಕರಮ್ಮ ಯಾರ ಮೇಲೆ ಹೆಚ್ಚು ಆಸೆ ಇಟ್ಟಿದ್ದಳೋ ಆ ಫಿಸಿಯೋಥೆರಪಿ ಡಾಕ್ಟರಮ್ಮ ಕೂಡ ಅಲ್ಲೇ ನಿಂತುಬಿಟ್ಟಳು. ಕೆಳಗೆ ಕ್ಲಿನಿಕ್, ಮೇಲೆ ಮನೆ ಮಾಡುವ ಯೋಚನೆ ಆಕೆಯದು.

"ಮನೆ ಇಷ್ಟ ಆಯ್ತು ಕಣ್ರೀ," ಎಂದಳು ಡಾಕ್ಟರಮ್ಮ. "ಆದರೆ ನನ್ನ ಹತ್ರ ಬರೋರು ವಾಕರ್ ಹಿಡ್ಕೊಂಡು ಬರ್ತಾರೆ. ಗೇಟಿಂದ ಬಿಸಿಲಲ್ಲಿ ನಡೆದು ಬಂದು ಈ ಕತ್ತಲಲ್ಲಿ ಎಡವಿದ್ರೆ? ಒಂದು ಕಾಲು ಸರಿಮಾಡೋಕೆ ಹೋಗಿ ಎರಡು ಮುರಿದ ಹಾಗಾಗುತ್ತೆ."

ಹೋಗುವಾಗ ಆಕೆ ದೊಡ್ಡಮ್ಮನ ಬಾಗಿಲನ್ನು ಎರಡೇ ಬೆರಳಲ್ಲಿ ಮುಚ್ಚಿದಳು. ಬ್ರೋಕರಮ್ಮ ಆ ಕೈ ನೋಡಿದಳು. ಗಿರಾಕಿ ಸರಿಯಾಗಿಯೇ ಇದ್ದಾಳೆ, ಮನೆಯೂ ಸರಿಯಾಗಿದೆ. ನಡುವೆ ಏನೋ ಒಂದು ಅಡ್ಡ ನಿಂತಿದೆ.

ಮಾರನೆಯ ದಿನ ಮಧ್ಯಾಹ್ನ ಅವಳು ಸೋದರಿಯರ ಜೊತೆ ಅಂಗಳದಲ್ಲಿ ಕೂತು ಚಹಾ ಕುಡಿಯುತ್ತಿದ್ದಳು. ಅಕ್ಕನ ಕಣ್ಣು ಗೇಟಿನ ಬಳಿ ನಿಂತಿದ್ದ ದೊಡ್ಡಮ್ಮನ ಮೇಲೇ ಇತ್ತು.

"ನಮ್ಮನೇಗೂ ಕಾರು ಬರ್ತಿತ್ತು," ಎಂದಳು ಅಕ್ಕ. "ಹಸಿರು ಕಾರು. ಮನೆ ಒಳಗೇ ಬರ್ತಿತ್ತು."

"ಶುರುವಾಯ್ತು ನೋಡಿ," ಎಂದು ತಂಗಿ ಲೋಟ ಕುಕ್ಕಿದಳು. "ನಮ್ಮಪ್ಪ ಸಾಯೋವರೆಗೂ ಸೈಕಲ್ ತುಳಿದೋರು. ಇವಳಿಗೆ ಮಾತ್ರ ಕಾರು ಕಂಡಿದೆ. ಅದೂ ಮನೆ ಒಳಗೆ!"

"ನೀನು ಆಗ ಇನ್ನೂ ತೊಟ್ಟಿಲಲ್ಲಿದ್ದೆ."

"ನೀನೇನು ಲೈಸೆನ್ಸ್ ತಗೊಂಡಿದ್ಯಾ? ನಿನಗೂ ಐದೇ ವರ್ಷ."

ಬ್ರೋಕರಮ್ಮ ಇಬ್ಬರ ಮಾತನ್ನೂ ಕೇಳುತ್ತಿರಲಿಲ್ಲ. ಅವಳು ಕಾಲಡಿಯ ಚಪ್ಪಡಿ ನೋಡುತ್ತಿದ್ದಳು. ಅಂಗಳಕ್ಕೆಲ್ಲ ಹಾಸಿದ್ದ ಕಲ್ಲು ಒರಟು. ಆದರೆ ಅವಳ ಚಪ್ಪಲಿಯ ಪಕ್ಕದಲ್ಲಿ ಗೇಣಗಲದ ಒಂದು ಪಟ್ಟಿ ಮಾತ್ರ ತೊಳೆದ ತಟ್ಟೆಯಂತೆ ನುಣುಪಾಗಿತ್ತು. ಮೂಲೆಯಲ್ಲಿದ್ದ ಪೊರಕೆ ತಂದು ಮಣ್ಣು ಗುಡಿಸಿದಳು. ಪಟ್ಟಿ ಮುಂದುವರಿಯಿತು. ಸೆರಗು ಸಿಕ್ಕಿಸಿಕೊಂಡು ಹುಲ್ಲು ಕಿತ್ತಳು. ಪಕ್ಕದಲ್ಲೇ ಅಂಥದ್ದೇ ಇನ್ನೊಂದು ಪಟ್ಟಿ. ಎರಡೂ ಜೋಡಿಯಾಗಿ ಗೇಟಿನಿಂದ ಹೊರಟು, ಬಿಲ್ಲಿನಂತೆ ಬಾಗಿ, ನೇರ ಕತ್ತಲೆ ಕೋಣೆಯ ಗೋಡೆಗೆ ಹೋಗಿ ಮುಟ್ಟಿದ್ದವು. ಗೋಡೆಯ ಆಚೆ ಬದಿಯಲ್ಲಿ ಮತ್ತೆ ಹೊರಗೆ ಬಂದು, ಬಳ್ಳಿ ಹಬ್ಬಿ ಮುಚ್ಚಿಹೋಗಿದ್ದ ಎರಡನೆಯ ಗೇಟಿನ ಕಡೆ ತಿರುಗಿದ್ದವು.

ಅವಳು ಹೋಗಿ ದೊಡ್ಡಮ್ಮನನ್ನು ಸ್ಟಾರ್ಟ್ ಮಾಡಿದಳು. ಎಡಚಕ್ರ ಎಡಪಟ್ಟಿಯ ಮೇಲೆ, ಬಲಚಕ್ರ ಬಲಪಟ್ಟಿಯ ಮೇಲೆ ಅಳೆದು ಇಟ್ಟಂತೆ ಕೂತವು. ಸ್ಟೀರಿಂಗನ್ನು ಒಮ್ಮೆ ಬಾಗಿಸಿ ಹಿಡಿದದ್ದಷ್ಟೇ. ಕಾರು ತವರಿನ ದಾರಿ ಹಿಡಿದವಳಂತೆ ತಾನಾಗಿ ತಿರುಗಿ, ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಬಂದು ನಿಂತಿತು.

"ಅಕ್ಕಾ, ಕಾರು ಒಳಗೇ ಬರ್ತಿತ್ತು," ಎಂದು ಬ್ರೋಕರಮ್ಮ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದಳು. "ಇದು ರೂಮಲ್ಲ, ಕಾರು ನಿಲ್ಲೋ ಪೋರ್ಟಿಕೊ! ಯಾರೋ ಎರಡು ಕಡೆ ಗೋಡೆ ಕಟ್ಟಿ ಮುಚ್ಚಿದ್ದಾರೆ."

ಅವಳು ಕರೆಸಿದ ಮೇಸ್ತ್ರಿ ಸಂಜೆ ಬಂದ. ಗೋಡೆ ತಟ್ಟಿ ನೋಡಿದ, ಮೂಲೆಯ ಗಾರೆಯನ್ನು ಉಳಿಯಿಂದ ಕೆರೆದ. ಒಳಗಿನಿಂದ ದುಂಡನೆಯ ಕಲ್ಲುಕಂಬದ ಬೆನ್ನು ಕಂಡಿತು. ಸೂರಿನ ಭಾರವೆಲ್ಲ ನಾಲ್ಕು ಕಂಬದ ಮೇಲಿದೆ, ಗೋಡೆ ಏನನ್ನೂ ಹೊತ್ತಿಲ್ಲ, ಸುಮ್ಮನೆ ನಿಂತಿದೆ ಎಂದು ಹೇಳಿದ.

ಈಗ ಸೋದರಿಯರನ್ನು ಒಪ್ಪಿಸಬೇಕಿತ್ತು. ಅಕ್ಕ ಆಗಲೇ ಒಪ್ಪಿಯಾಗಿತ್ತು. ತಂಗಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಮಾರೋ ಮನೇನ ಯಾರಾದ್ರೂ ಒಡೀತಾರಾ?"

"ಒಡೆಯೋದಲ್ಲ ಅಮ್ಮಾ. ಬಾಯಿ ಕಟ್ಟಿದ್ದಾರೆ, ಬಿಚ್ಚೋದು."

"ಬಿಚ್ಚಿದ ಮೇಲೂ ಯಾರೂ ತಗೊಳ್ಳದಿದ್ರೆ?"

"ಗೋಡೆ ನಾನೇ ಮತ್ತೆ ಕಟ್ಟಿಸಿಕೊಡ್ತೀನಿ. ಆಮೇಲೆ ಹತ್ತಂತಸ್ತಿಗೂ ನಾನೇ ಫೋನ್ ಮಾಡ್ತೀನಿ. ನಿಮಗೆ ನಷ್ಟ ಏನಿದೆ?"

ಔಷಧದ ಅಂಗಡಿಯಲ್ಲಿ ಎಂಥೆಂಥವರನ್ನೋ ಕಂಡಿದ್ದ ತಂಗಿ ಅವಳ ಮುಖವನ್ನು ಒಂದು ಗಳಿಗೆ ದಿಟ್ಟಿಸಿದಳು. "ನಿಮ್ಮ ಧೈರ್ಯಕ್ಕೆ ಮಾತ್ರ ಯಾವ ಔಷಧೀನೂ ಇಲ್ಲ. ಮಾಡಿ," ಎಂದಳು.

ಗೋಡೆ ಬಿದ್ದ ದಿನ ಧೂಳು ಕೂರುವ ಮೊದಲೇ ಬೆಳಕು ಒಳಗೆ ನುಗ್ಗಿತ್ತು. ಮುಂಬಾಗಿಲು ದಾಟಿ, ಹಜಾರ ದಾಟಿ, ಮರದ ಮೆಟ್ಟಿಲಿನ ನಾಲ್ಕನೆಯ ಹಲಗೆಯವರೆಗೂ ಹೋಗಿ ಬಿದ್ದಿತ್ತು. ಆ ಮನೆಯಲ್ಲೇ ಹುಟ್ಟಿದ ತಂಗಿ ತನ್ನ ಮನೆಯ ಮೆಟ್ಟಿಲಿಗೆ ಕೆಂಬಣ್ಣ ಇದೆಯೆಂದು ಅವತ್ತು ನೋಡಿದಳು. ಮೇಸ್ತ್ರಿ ಬಲಗಡೆಯ ಕಂಬದ ಗಾರೆ ಕೆರೆಯುತ್ತಿದ್ದವನು ಕೈ ನಿಲ್ಲಿಸಿದ. ಮಂಡಿಯ ಎತ್ತರದಲ್ಲಿ, ಕಾರಿನ ಮಡ್‌ಗಾರ್ಡ್ ಉಜ್ಜಿದ ಒಂದು ಉದ್ದನೆಯ ಗೀರು. ಗೀರಿನ ತುಂಬ ಹಸಿರು ಬಣ್ಣ.

ತಂಗಿ ಬಗ್ಗಿ, ಹಸಿರನ್ನು ಉಗುರಿನಿಂದ ಮುಟ್ಟಿ ನೋಡಿದಳು.

"ಕಾರು ಮಾರಬೇಕಾಗಿ ಬಂತು," ಎಂದಳು ಅಕ್ಕ ಮೆಲ್ಲಗೆ. "ಖಾಲಿ ಜಾಗ ನೋಡೋಕಾಗಲ್ಲ ಅಂತ ಅಪ್ಪ ಗೋಡೆ ಹಾಕಿಸಿಬಿಟ್ರು. ತಮ್ಮೆದುರು ಅದರ ಮಾತೇ ಎತ್ತಬಾರದು ಅಂದಿದ್ರು."

"ನಾನು ಮದುವೆ ವಯಸ್ಸು ಮೀರೋವರೆಗೂ ಈ ರೂಮಲ್ಲೇ ಮಲಗಿದ್ದೀನಿ," ಎಂದಳು ತಂಗಿ. ಹೇಳುತ್ತ ಹೇಳುತ್ತ ಅವಳಿಗೇ ನಗು ಬಂತು. "ಕಾರು ನಿಲ್ಲೋ ಜಾಗದಲ್ಲಿ ಮಲಗಿದ್ದೀಯೇ ಅಂತ ಒಬ್ಬರಾದ್ರೂ ಹೇಳಬಾರದಾ?"

"ಹುಟ್ಟಿದಾಗಿಂದ ಹೇಳ್ತಾನೇ ಇದ್ದೀನಲ್ಲೇ!"

ಆ ಭಾನುವಾರ ಕಾರುಗಳೆಲ್ಲ ಗೂಡ್ಸ್ ಯಾರ್ಡಿನ ಬದಲು ಮೂಲೆಮನೆಗೆ ಬರಬೇಕೆಂದು ಬ್ರೋಕರಮ್ಮ ಹುಕುಂ ಹೊರಡಿಸಿದಳು. ಬಳ್ಳಿ ಕತ್ತರಿಸಿ, ತುಕ್ಕು ಹಿಡಿದ ಎರಡನೆಯ ಗೇಟನ್ನು ಗ್ರೀಸ್ ಮಾವ ಬೈದೂ ಬೈದೂ ತೆರೆಸಿದ. ಡಾಕ್ಟರಮ್ಮನಿಗೆ, "ಇನ್ನೊಂದೇ ಸಲ ಬನ್ನಿ, ಇಷ್ಟ ಆಗದಿದ್ರೆ ಆಮೇಲೆ ನನ್ನ ಫೋನೇ ಎತ್ತಬೇಡಿ," ಎಂದು ಹೇಳಿಯಾಗಿತ್ತು. ಕರೆಯದೆಯೇ ಹತ್ತಂತಸ್ತೂ ಬಂದು ನೆರಳಲ್ಲಿ ನಿಂತ.

ಕಾರುಗಳು ಒಂದು ಗೇಟಿನಿಂದ ಬಂದು, ಪೋರ್ಟಿಕೊ ಹಾದು, ಇನ್ನೊಂದು ಗೇಟಿನಿಂದ ಮೆರವಣಿಗೆಯಾಗಿ ಹೋಗಬೇಕೆಂಬುದು ಬ್ರೋಕರಮ್ಮನ ಏರ್ಪಾಡು. ಎಲ್ಲಕ್ಕೂ ಮುಂದೆ ದೊಡ್ಡಮ್ಮ. ಬೀದಿಯ ಜನ ಕಾಂಪೌಂಡಿನ ಮೇಲೆ ಕತ್ತು ಚಾಚಿದ್ದರು. ದೊಡ್ಡಮ್ಮ ಠೀವಿಯಿಂದ ಬಾಗಿ, ಕಂಬಗಳ ನಡುವೆ ಬಂದು, ಸರಿಯಾಗಿ ಮುಂಬಾಗಿಲ ಎದುರು ಒಮ್ಮೆ ಕೆಮ್ಮಿ ನಿಂತುಬಿಟ್ಟಿತು. ಕೀಲಿ ತಿರುಗಿಸಿದರೆ ಹೂಂ ಇಲ್ಲ, ಉಹೂಂ ಇಲ್ಲ. ಹಿಂದೆ ಸಾಲುಸಾಲಾಗಿ ಹಾರ್ನ್ ಶುರುವಾಯಿತು.

"ಪೆಟ್ರೋಲ್ ಹಾಕಿದ್ದೀಯೇನೇ?" ಎಂದು ಗ್ರೀಸ್ ಮಾವ ಬೈಗುಳದ ಮುನ್ನುಡಿ ತೆಗೆದ.

ಅದೇ ಹೊತ್ತಿಗೆ ಡಾಕ್ಟರಮ್ಮ ಬಂದಳು. ಜೊತೆಗೆ ವಾಕರ್ ಊರಿಕೊಂಡು ಅವಳ ಅತ್ತೆ. ಬಿಸಿಲಲ್ಲಿ ಗೇಟಿನಿಂದ ನಡೆದು ಬಂದ ಅತ್ತೆಗೆ ಏದುಸಿರು. ಬ್ರೋಕರಮ್ಮ ಒಂದು ಕ್ಷಣವೂ ತಬ್ಬಿಬ್ಬಾಗಲಿಲ್ಲ. ಇಳಿದು ಬಂದು, ಹಿಂಬಾಗಿಲು ತೆರೆದು, "ಬನ್ನಿ ಅಮ್ಮಾ, ಮೊದಲು ಕೂತ್ಕೊಳ್ಳಿ. ಈ ಕಾರು ಸದ್ಯಕ್ಕೆ ಎಲ್ಲಿಗೂ ಹೋಗಲ್ಲ," ಎಂದಳು.

ಅತ್ತೆ ಅಗಲದ ಸೀಟಿನಲ್ಲಿ ಕಾಲು ಚಾಚಿ ಕೂತಳು. ನೆರಳು, ಗಾಳಿ. ದಣಿವಾರಿದ ಮೇಲೆ ಆಚೆ ಕಡೆಯ ಬಾಗಿಲನ್ನು ತಾನೇ ತೆರೆದಳು. ಕಾಲು ಹೊರಗಿಟ್ಟರೆ ಪಾದಕ್ಕೆ ಸರಿಯಾಗಿ ಮನೆಯ ಜಗಲಿ. ಇಳಿಯುವುದೂ ಬೇಡ, ಹತ್ತುವುದೂ ಬೇಡ. ಕಂಬ ಹಿಡಿದು ಎದ್ದವಳು ಮುಂಬಾಗಿಲೊಳಗೆ ನಡೆದೇಬಿಟ್ಟಳು. ವಾಕರ್ ಈಚೆ ಕಡೆಯಲ್ಲೇ ಉಳಿದಿತ್ತು.

"ಅತ್ತೇ, ನಿಧಾನ!" ಎಂದು ಡಾಕ್ಟರಮ್ಮ ಓಡಿದಳು.

"ನಿಧಾನ ಯಾಕೆ? ಕಾರಿಂದ ಬಾಗಿಲಿಗೆ ಒಂದೇ ಹೆಜ್ಜೆ," ಎಂದು ಒಳಗಿನಿಂದ ಅತ್ತೆಯ ದನಿ ಬಂತು. "ನಿನ್ನ ಪೇಷೆಂಟುಗಳಿಗೆ ಇನ್ನೇನು ಬೇಕು, ರೆಕ್ಕೆ ಕಟ್ಟಿಸ್ತೀಯಾ? ಎಷ್ಟು ಬೆಳಕಿದೆ ನೋಡಿಲ್ಲಿ!"

ಡಾಕ್ಟರಮ್ಮ ಹೊಸ್ತಿಲಲ್ಲಿ ನಿಂತು ಒಮ್ಮೆ ಮೆಟ್ಟಿಲಿನ ಕಡೆ, ಒಮ್ಮೆ ಕಂಬಗಳ ಕಡೆ ನೋಡಿದಳು. ಗಾಲಿಕುರ್ಚಿ ಇಳಿಯುವ ಜಾಗ, ಕಾರು ತಿರುಗುವ ಜಾಗ ಕಣ್ಣಲ್ಲೇ ಅಳೆದಳು. ಬ್ರೋಕರಮ್ಮ ತುಟಿ ಪಿಟಕ್ಕೆನ್ನಲಿಲ್ಲ. ಎಲ್ಲಿ ಮಾತಾಡಬಾರದು ಎಂದು ತಿಳಿದಿರುವುದೇ ಈ ದಂಧೆಯ ಅರ್ಧ ಕೆಲಸ.

"ಹಸಿರು ಗೀರು ಅಳಿಸಬೇಡಿ," ಎಂದಳು ಡಾಕ್ಟರಮ್ಮ ಕೊನೆಗೆ. "ಅದೂ ನಮಗಿರಲಿ."

ನೆರಳಲ್ಲಿ ನಿಂತಿದ್ದ ಹತ್ತಂತಸ್ತು ಎರಡೂ ಕೈ ಎತ್ತಿಬಿಟ್ಟ. "ಸೋತೆ ಕಣಮ್ಮ. ಈ ಅಕ್ಕ ತಂಗಿಗೆ ಫ್ಲ್ಯಾಟ್ ಆದ್ರೂ ನನ್ನ ಕಟ್ಟಡದಲ್ಲಿ ಕೊಡಿಸು." ಆಮೇಲೆ ದನಿ ತಗ್ಗಿಸಿ ಗ್ರೀಸ್ ಮಾವನ ಪಕ್ಕಕ್ಕೆ ಸರಿದ: "ನಮ್ಮ ತಾತನ ಜೀಪ್ ಒಂದು ಶೆಡ್ಡಲ್ಲಿ ಬಿದ್ದಿದೆ. ನೋಡ್ತೀರಾ?"

"ಇಷ್ಟು ವರ್ಷ ಏನು ಮಾಡ್ತಿದ್ದೆ, ನಿದ್ದೆನಾ?" ಎಂದು ಗ್ರೀಸ್ ಮಾವ ಶುರುಮಾಡಿದ. ಜೀಪಿನ ರಿಪೇರಿ ಅರ್ಧ ಆದಂತೆಯೇ.

ಅಕ್ಕ ತಂಗಿ ಹತ್ತಂತಸ್ತಿನ ಕಟ್ಟಡದಲ್ಲಿ ಎದುರುಬದುರಿನ ಎರಡು ಫ್ಲ್ಯಾಟು ಹಿಡಿದರು. ಒಂದೇ ಸೂರಿನಡಿ ಬೇಡ, ಕೂಗಿದರೆ ಕೇಳುವಷ್ಟು ಹತ್ತಿರ ಇರಲಿ ಎಂದು ಬ್ರೋಕರಮ್ಮನೇ ಹುಡುಕಿ ಕೊಟ್ಟದ್ದು. ಭಾನುವಾರ ಔಷಧದ ಅಂಗಡಿಗೆ ಈಗ ರಜೆ. ತಂಗಿ ಕಾರು ಓಡಿಸಲು ಕಲಿಯುತ್ತ ಗೂಡ್ಸ್ ಯಾರ್ಡಿನಲ್ಲಿ ದೊಡ್ಡಮ್ಮನ ಸ್ಟೀರಿಂಗ್ ಹಿಡಿದು ಕೂರುತ್ತಾಳೆ, ಪಕ್ಕದಲ್ಲಿ ಬ್ರೋಕರಮ್ಮ, ಹಿಂದಿನ ಸೀಟಿನಲ್ಲಿ ಅಕ್ಕ.

"ಎಡಕ್ಕೆ, ಎಡಕ್ಕೆ ತಿರುಗಿಸೇ," ಎನ್ನುತ್ತಾಳೆ ಅಕ್ಕ.

"ನಿನಗೆ ಓಡಿಸೋಕೆ ಬರುತ್ತಾ?"

"ಬರಲ್ಲ. ಆದ್ರೆ ಎಡ ಯಾವುದು ಅಂತ ಗೊತ್ತು."

ತಂಗಿ ಕ್ಲಚ್ ಬಿಡುತ್ತಾಳೆ. ಕಾರು ಮುಗ್ಗರಿಸುತ್ತದೆ, ಸಾವರಿಸಿಕೊಳ್ಳುತ್ತದೆ, ಹೊರಡುತ್ತದೆ. ಬೇಕರಿಯವನು ತನ್ನ ಕಾರನ್ನು ಗಡಿಬಿಡಿಯಿಂದ ಬದಿಗೆ ಸರಿಸಿಕೊಳ್ಳುತ್ತಾನೆ. ಬ್ರೋಕರಮ್ಮ ಮಾತ್ರ ಮಡಿಲಲ್ಲಿ ಕೈ ಕಟ್ಟಿಕೊಂಡು, ನೆಟ್ಟಗೆ ಕೂತು, ಮುಂದಿನ ದಾರಿ ನೋಡುತ್ತಿರುತ್ತಾಳೆ.